ಅಲನ್ ಪಾರ್ಸನ್ಸ್ ಪ್ರಾಜೆಕ್ಟ್ ಆಲ್ಬಮ್‌ಗಳನ್ನು ಎಲ್ಲಿಂದ ಶುರು ಮಾಡಬೇಕು?

'ಐ ಇನ್ ದಿ ಸ್ಕೈ' ಹಾಡು ಇಷ್ಟ ಆಯ್ತು, ಮುಂದೆ ಇವರದ್ದು ಯಾವ ಆಲ್ಬಮ್ ಕೇಳಲಿ, ಹಿಟ್ಸ್ ಸಂಗ್ರಹ ಒಂದಿದ್ದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ದಯವಿಟ್ಟು ಹಿಟ್ಸ್‌ನಿಂದ ಶುರು ಮಾಡಬೇಡಿ.

ಇವರು ಊರೂರು ಸುತ್ತಿ ಸ್ಟೇಜ್ ಮೇಲೆ ನುಡಿಸಿದ ಬ್ಯಾಂಡ್ ಅಲ್ಲ. ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್ ಆಗಿದ್ದ ಅಲನ್ ಪಾರ್ಸನ್ಸ್ (ಪಿಂಕ್ ಫ್ಲಾಯ್ಡ್ ಬ್ಯಾಂಡ್‌ನ 'ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್‌ಗೆ ಇಂಜಿನಿಯರ್ ಇವರೇ) ಮತ್ತು ಹಾಡು ಬರೆಯುತ್ತಿದ್ದ ಎರಿಕ್ ವುಲ್ಫ್‌ಸನ್, ಇಬ್ಬರೂ ಸೇರಿ ಸ್ಟುಡಿಯೋದಲ್ಲೇ ಕಟ್ಟಿದ್ದು. ಗಿಟಾರ್‌ಗೆ ಇಯಾನ್ ಬೇರ್ನ್‌ಸನ್, ಆರ್ಕೆಸ್ಟ್ರಾಗೆ ಹೆಚ್ಚಾಗಿ ಆಂಡ್ರ್ಯೂ ಪೊವೆಲ್. ಹಾಡುವವರು ಮಾತ್ರ ಒಂದೇ ಆಲ್ಬಮ್‌ನಲ್ಲೂ ಬದಲಾಗುತ್ತಾ ಹೋಗುತ್ತಾರೆ. ಹಾಗಾಗಿ ಎಲ್ಲವನ್ನೂ ಹಿಡಿದಿಡುವುದು ಆ ಆಲ್ಬಮ್‌ನ ವಿಷಯ, ಬಿಡಿಬಿಡಿಯಾಗಿ ಕೇಳಿದರೆ ಆ ಕಟ್ಟು ತಪ್ಪುತ್ತದೆ. ನಿಮ್ಮ ಹಾಡನ್ನೇ ನೋಡಿ. ಅದೇ ಹೆಸರಿನ 1982ರ ಆಲ್ಬಮ್ 'ಸಿರಿಯಸ್' ಅನ್ನೋ ಪುಟ್ಟ ವಾದ್ಯ ಸಂಗೀತದಿಂದ ಶುರುವಾಗಿ, ನಡುವೆ ಉಸಿರೂ ಬಿಡದೆ ನೇರ ಹಾಡಿಗೆ ಬಂದು ಸೇರುತ್ತದೆ. ಹಾಗೆ ಕೇಳಿದರೇನೇ ಅದು ಪೂರ್ತಿ, ಅಲ್ವಾ?

ನನ್ನ ಮಟ್ಟಿಗೆ ಮುಂದಿನ ಹೆಜ್ಜೆ 'ದಿ ಟರ್ನ್ ಆಫ್ ಎ ಫ್ರೆಂಡ್ಲಿ ಕಾರ್ಡ್' (1980). ವಿಷಯ ಜೂಜು. 'ಐ ಇನ್ ದಿ ಸ್ಕೈ'ನಲ್ಲಿ ನಿಮಗೆ ಇಷ್ಟವಾದ ವುಲ್ಫ್‌ಸನ್ ದನಿ ಮೊದಲ ಸಲ ಮುಂದೆ ಬಂದದ್ದು ಇದರ 'ಟೈಮ್' ಹಾಡಿನಲ್ಲಿ. ರೆಕಾರ್ಡ್‌ನ ಎರಡನೇ ಬದಿಯಲ್ಲಿ 'ದಿ ಗೋಲ್ಡ್ ಬಗ್' ಆದ ಮೇಲೆ ಉಳಿದದ್ದೆಲ್ಲ ಒಂದೇ ದೊಡ್ಡ ರಚನೆ, ಸುಮಾರು 16 ನಿಮಿಷ. ಕೊನೆಯಲ್ಲಿ ಮೊದಲಿನ ರಾಗ ತಿರುಗಿ ಬರುವಾಗ ಆ ಜೂಜುಗಾರನಿಗೆ ಬಿಡುಗಡೆ ಇಲ್ಲ ಅಂತ ಗೊತ್ತಾಗುತ್ತದೆ. ಇವರು ಇದಕ್ಕಿಂತ ಚೆನ್ನಾಗಿ ಏನೂ ಮಾಡಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಆಮೇಲೆ 'ಐ ರೋಬೋಟ್' (1977). ನಂತರ ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಕಥೆ, ಕವಿತೆಗಳ ಮೇಲೆ ಮಾಡಿದ ಮೊದಲ ಆಲ್ಬಮ್ 'ಟೇಲ್ಸ್ ಆಫ್ ಮಿಸ್ಟರಿ ಅಂಡ್ ಇಮ್ಯಾಜಿನೇಷನ್' (1976). ಇದರಲ್ಲಿ ಎರಡು ರೂಪ ಇವೆ, ನೋಡಿಕೊಂಡು ಹಾಕಿ. 1987ರಲ್ಲಿ ಪಾರ್ಸನ್ಸ್ ಅದನ್ನು ಮತ್ತೆ ಮಿಕ್ಸ್ ಮಾಡಿ ನಟ, ನಿರ್ದೇಶಕ ಆರ್ಸನ್ ವೆಲ್ಸ್ ಓದಿದ ಮಾತುಗಳನ್ನು ಸೇರಿಸಿದರು. ಓದು ಚೆನ್ನಾಗಿದೆ, ಆದರೆ ಡ್ರಮ್ಸ್‌ಗೆ ಎಂಬತ್ತರ ದಶಕದ ಗುಂಯ್ ಅನ್ನೋ ಪ್ರತಿಧ್ವನಿ ಜಾಸ್ತಿ ಆಗಿದೆ. ನನಗೆ 1976ರದ್ದೇ ಸರಿ.

'ಪಿರಮಿಡ್', 'ಈವ್', 'ಅಮೋನಿಯಾ ಅವೆನ್ಯೂ' ಯಾವಾಗ ಬೇಕಾದರೂ ಕೇಳಬಹುದು. 'ವಲ್ಚರ್ ಕಲ್ಚರ್', 'ಸ್ಟೀರಿಯೋಟಮಿ' ಸ್ವಲ್ಪ ಸಪ್ಪೆ. 1987ರ 'ಗೌಡಿ'ಯನ್ನು ಮಾತ್ರ ಬಿಡಬೇಡಿ, ವಾಸ್ತುಶಿಲ್ಪಿ ಗೌಡಿ ರೂಪಿಸಿದ ಬಾರ್ಸಿಲೋನಾದ ಸಗ್ರಾದ ಫಮಿಲಿಯಾ ಚರ್ಚಿನ ಮೇಲಿನ ಮೊದಲ ಹಾಡೊಂದೇ ಸಾಕು.

'ದಿ ಸಿಸಿಲಿಯನ್ ಡಿಫೆನ್ಸ್' ಅಂತ ಇನ್ನೊಂದು ಇದೆ. ರೆಕಾರ್ಡ್ ಕಂಪನಿ ಜೊತೆ ಒಪ್ಪಂದದ ಎಳೆದಾಟ ನಡೆಯುವಾಗ ಅವಸರದಲ್ಲಿ ಮುಗಿಸಿದ್ದು, 2014ರ ಬಾಕ್ಸ್ ಸೆಟ್‌ನಲ್ಲಿ ಮೊದಲ ಸಲ ಹೊರಬಂತು. ಅದು ಎಲ್ಲಕ್ಕಿಂತ ಕೊನೆಗಿರಲಿ.