ಬಾಗಿಲು ತೆಗೆದವರು ಎಲ್ಲಿ ಹೋದರು?

ಪುಣೆ ಪಕ್ಕದ ಚಿಂಚ್‌ವಡದಿಂದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ತಿಂಗಳು ನನ್ನ ಮೊಮ್ಮಗ ಸೈಕಲ್ ಮೇಲೆ ಟ್ಯೂಷನ್ನಿಗೆ ಹೊರಟಿದ್ದ. ರಸ್ತೆ ಬದಿಗೆ ನಿಂತಿದ್ದ ಕಾರಿನವರು ಬಾಗಿಲು ತೆಗೆದರು. ಹುಡುಗ ಬಿದ್ದು ತಲೆಗೆ ಆರು ಹೊಲಿಗೆ ಬಿದ್ದವು. ಹೆಲ್ಮೆಟ್ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರು. ಸ್ಕೂಟರಿನವರಿಗೆ ಇರುವ ಕಡ್ಡಾಯ ಸೈಕಲ್ಲಿನವರಿಗೆ ಯಾಕಿಲ್ಲ? ದಂಡ ಹಾಕಿದರೆ ಜನ ದಾರಿಗೆ ಬರುತ್ತಾರೆ. ನಿಮ್ಮ ಪತ್ರಿಕೆ ಮುಂದೆ ನಿಂತು ಸಹಿ ಸಂಗ್ರಹ ಶುರು ಮಾಡಬೇಕು."

ರಾಯರೇ, ಹುಡುಗ ಆರಾಮಾಗುತ್ತಿದ್ದಾನೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಓದಿ ಸಮಾಧಾನವಾಯಿತು. ಡಾಕ್ಟರ ಮಾತು ಸುಳ್ಳಲ್ಲ. 1989ರಲ್ಲಿ ಅಮೆರಿಕದ ಸಿಯಾಟಲ್‌ನ ಸಂಶೋಧಕರು, ಸೈಕಲ್ ಹೆಲ್ಮೆಟ್ ತಲೆಗಾಯದ ಅಪಾಯವನ್ನು ಶೇ 85ರಷ್ಟು ಕಡಿಮೆ ಮಾಡುತ್ತದೆ ಎಂದು ಬರೆದರು. ಆಮೇಲೆ ಬಂದ ಲೆಕ್ಕಗಳು ಆ ಅಂಕಿಯನ್ನು ಇಳಿಸಿದವು. ಆದರೂ ಉಪಯೋಗ ಇದೆ ಎನ್ನುವುದಂತೂ ಉಳಿಯಿತು. ಭಾನುವಾರ ಬೆಳಗ್ಗೆ ಸಿಂಹಗಡದ ಘಾಟ್ ಹತ್ತಿ, ಇಳಿಯುವಾಗ ಗಾಳಿಯ ಹಾಗೆ ಬರುವ ಹುಡುಗರು ಹೆಲ್ಮೆಟ್ ಇಲ್ಲದೆ ಹೋಗಲೇಬಾರದು. ಇಲ್ಲಿಗೆ ನಿಮ್ಮ ಪಕ್ಷದ ಮಾತು ಮುಗಿಯಿತು. ಇನ್ನು ನನ್ನದು.

ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. "ಕಾರಿನವರು ಬಾಗಿಲು ತೆಗೆದರು." ಅಷ್ಟೇ. ಆಮೇಲೆ ಆ ಮಹಾನುಭಾವರು ಪತ್ರದಲ್ಲಿ ಎಲ್ಲೂ ಇಲ್ಲ. ಬಿದ್ದವನಿಗೆ ಕಾನೂನು, ಬಿದ್ದವನಿಗೆ ದಂಡ. ಬೀಳಿಸಿದವರಿಗೆ ನೀವು ಒಂದು ಬೈಗುಳವನ್ನೂ ಕೊಟ್ಟಿಲ್ಲ. ಇಷ್ಟು ಸಭ್ಯತೆ ಒಳ್ಳೆಯದಲ್ಲ.

ಬಾಗಿಲು ತೆಗೆಯುವುದಕ್ಕೂ ಒಂದು ರೀತಿ ಇದೆ. ಬಲಗಡೆ ಕೂತವರು ಬಲಗೈಯಲ್ಲಿ ಹಿಡಿಕೆ ಎಳೆದರೆ ಕಣ್ಣು ಮುಂದೆಯೇ ಇರುತ್ತದೆ, ಬಾಗಿಲು ಮಾತ್ರ ಸಟ್ಟನೆ ಹೊರಗೆ ಹೋಗುತ್ತದೆ. ಅದನ್ನೇ ಎಡಗೈಯಲ್ಲಿ ಎಳೆಯಬೇಕಾದರೆ ಭುಜ ತಿರುಗಲೇಬೇಕು. ಭುಜದ ಜೊತೆ ಕತ್ತು ತಿರುಗುತ್ತದೆ, ಹಿಂದಿನಿಂದ ಬರುವ ಸೈಕಲ್ ಕಾಣುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇದು ಹಳೇ ರೂಢಿ. 2022ರಲ್ಲಿ ಬ್ರಿಟನ್ ತನ್ನ ರಸ್ತೆ ನಿಯಮಗಳ ಪುಸ್ತಕದಲ್ಲೂ ಈ ಸಲಹೆ ಸೇರಿಸಿತು. ಕಾಸು ಖರ್ಚಿಲ್ಲ, ಕಾರ್ಖಾನೆಯಲ್ಲಿ ತಯಾರಾಗಬೇಕಿಲ್ಲ. ನಮ್ಮಲ್ಲಿ ಡ್ರೈವಿಂಗ್ ಕಲಿಸುವವರು ಇದನ್ನು ಹೇಳಿಕೊಟ್ಟದ್ದು ನಾನಂತೂ ಕೇಳಿಲ್ಲ. ನೀವು ಕೇಳಿದ್ದೀರಾ?

ಹೆಲ್ಮೆಟ್ ಕೈಗೆ ತಗೊಂಡು ಒಳಗೆ ನೋಡಿ. ಮೇಲೆ ತೆಳ್ಳಗಿನ ಪ್ಲಾಸ್ಟಿಕ್, ಒಳಗೆ ಥರ್ಮಾಕೋಲಿನ ಜಾತಿಯದೇ ಗಟ್ಟಿ ನೊರೆ. ಪೆಟ್ಟು ಬಿದ್ದಾಗ ಆ ನೊರೆ ಜಜ್ಜಿಹೋಗಿ ತಲೆಗೆ ಹೋಗುವ ಪೆಟ್ಟನ್ನು ತಾನು ತಿನ್ನುತ್ತದೆ. ಯುರೋಪಿನ ಪರೀಕ್ಷೆಯಲ್ಲಿ ಅದನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಕೆಡವುತ್ತಾರೆ. ನೆಲಕ್ಕೆ ಬಡಿಯುವಾಗ ವೇಗ ಗಂಟೆಗೆ 20 ಕಿ.ಮೀ. ಆಸುಪಾಸು. ಅಂದರೆ ಅದು ಸೈಕಲ್ಲಿನಿಂದ ಬೀಳುವವನಿಗಾಗಿ ಮಾಡಿದ್ದು. ಹಿಂದಿನಿಂದ ನೀರಿನ ಟ್ಯಾಂಕರ್ 60ರ ವೇಗದಲ್ಲಿ ಗುದ್ದಿದರೆ? 30ರ ವೇಗದಲ್ಲಿರುವುದಕ್ಕಿಂತ ಆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ಅಲ್ಲಿ ಬೇಕಾದದ್ದು ಟ್ಯಾಂಕರಿನ ವೇಗಕ್ಕೆ ಲಗಾಮು.

ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಎಂಬ ಸಂಶೋಧಕರ ಕಥೆ ನಿಮಗೆ ಹೇಳಲೇಬೇಕು. 2006ರಲ್ಲಿ ಅವರು ಸೈಕಲ್ಲಿಗೆ ಅಳತೆಯ ಉಪಕರಣ ಕಟ್ಟಿಕೊಂಡು, ಪಕ್ಕದಲ್ಲಿ ದಾಟಿಹೋಗುವ ಗಾಡಿಗಳು ಎಷ್ಟು ಅಂತರ ಬಿಡುತ್ತವೆ ಎಂದು ನೋಡಿದರು. ಹೆಲ್ಮೆಟ್ ಹಾಕಿದಾಗ ಸರಾಸರಿ 8.5 ಸೆಂ.ಮೀ. ಇನ್ನೂ ಹತ್ತಿರದಿಂದ ಹೋದವು! ತಲೆಗೆ ಉದ್ದ ಕೂದಲಿನ ಟೋಪನ್ ಹಾಕಿಕೊಂಡಾಗ ಹೆಂಗಸೆಂದು ತಿಳಿದು ಜಾಸ್ತಿ ಜಾಗ ಬಿಟ್ಟವು. ಈ ನಡುವೆ ಒಂದು ಬಸ್ಸು, ಒಂದು ಟ್ರಕ್ಕು ಅವರಿಗೆ ಗುದ್ದಿದವು. ಎರಡು ಸಲವೂ ತಲೆ ಮೇಲೆ ಹೆಲ್ಮೆಟ್ ಇತ್ತು. ಈ ಲೆಕ್ಕದಲ್ಲಿ ಹುಳುಕು ತೆಗೆದವರೂ ಇದ್ದಾರೆ, ಇರಲಿ. ಟೋಪನ್ ಕಡ್ಡಾಯ ಮಾಡಿ ಎಂದು ನಾನೇನೂ ಹೇಳುತ್ತಿಲ್ಲ.

ಈಗ ಕಾನೂನಿನ ಮಾತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರ ಜುಲೈಯಲ್ಲಿ ಸೈಕಲ್ ಹೆಲ್ಮೆಟ್ ಕಡ್ಡಾಯ ಮಾಡಿತು, ಜಗತ್ತಿನಲ್ಲೇ ಮೊದಲು. ತಲೆಗಾಯ ಕಡಿಮೆಯಾಯಿತು, ನಿಜ. ಜೊತೆಗೆ ಸೈಕಲ್ ಹೊಡೆಯುವವರೂ ಕಡಿಮೆಯಾದರು. ಅದರಲ್ಲೂ ನಿಮ್ಮ ಮೊಮ್ಮಗನ ವಯಸ್ಸಿನ ಮಕ್ಕಳು. ಮುಂದೆ 2010ರಲ್ಲಿ ಮೆಲ್ಬರ್ನ್ ನಗರ ಬಾಡಿಗೆ ಸೈಕಲ್ ತಂದಿತು. ಬಾಡಿಗೆ ಸೈಕಲ್ ಹತ್ತುವವನು ಮನೆಯಿಂದ ಹೆಲ್ಮೆಟ್ ಹೊತ್ತು ತರುತ್ತಾನೆಯೇ? ಅಗ್ಗದ ಹೆಲ್ಮೆಟ್ ಮಾರಿ ನೋಡಿದರು. ಸಾಗಲಿಲ್ಲ. 2019ರಲ್ಲಿ ಅಂಗಡಿ ಮುಚ್ಚಿತು. ಹೆಚ್ಚು ಸೈಕಲ್ ಇರುವ ಊರಿನಲ್ಲಿ ಒಬ್ಬೊಬ್ಬ ಸವಾರನಿಗೂ ಅಪಾಯ ಕಡಿಮೆ ಎಂಬುದು ಊರೂರಿನ ಅಂಕಿಗಳಲ್ಲಿ ಕಂಡದ್ದು. ಕಾರಿನವರ ಕಣ್ಣಿಗೆ ಸೈಕಲ್ ರೂಢಿಯಾಗಬೇಕು, ಅದೇ ಮುಖ್ಯ.

ನೆದರ್‌ಲ್ಯಾಂಡ್ಸ್ ನೋಡಿ. 1971ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300. ಅವರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ತಾಯಂದಿರು ಬೀದಿಗಿಳಿದರು. "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಚಳವಳಿಗೆ ಹೆಸರಿಟ್ಟರು. ಮಕ್ಕಳಿಗೆ ಟೊಪ್ಪಿಗೆ ಹಾಕಿ ಅನ್ನಲಿಲ್ಲ, ಗಾಡಿಗಳನ್ನು ಹಿಡಿದು ನಿಲ್ಲಿಸಿ ಎಂದರು. ಅದೇ ಹೊತ್ತಿಗೆ ಪೆಟ್ರೋಲ್ ಬಿಕ್ಕಟ್ಟೂ ಬಂತು. ಸರ್ಕಾರ ಮಣಿಯಿತು. ಸೈಕಲ್ಲಿಗೆ ಬೇರೆ ದಾರಿ ಬಂತು, ಮನೆಗಳಿರುವ ಬೀದಿಗಳಲ್ಲಿ ಕಾರಿನ ವೇಗ ಇಳಿಯಿತು. ಇವತ್ತು ಅಲ್ಲಿ ಅಜ್ಜಿಯರೂ ಬರಿತಲೆಯಲ್ಲಿ ಸೈಕಲ್ ತುಳಿಯುತ್ತಾರೆ. ವಿದ್ಯುತ್ ಸೈಕಲ್ ಬಂದ ಮೇಲೆ ಅಲ್ಲಿನ ಡಾಕ್ಟರುಗಳು ಹೆಲ್ಮೆಟ್ ಹಾಕಿ ಎನ್ನುತ್ತಿದ್ದಾರೆ, ಅದೂ ಸರಿಯೇ.

ನಮ್ಮ ಪುಣೆಗೆ ಬನ್ನಿ. ಸ್ಕೂಟರಿನ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಎಂಜಿನ್ ಇರುವ ಎರಡು ಚಕ್ರದ ಗಾಡಿಯವರಿಗೆ ಹೆಲ್ಮೆಟ್ ಹಾಕಿಸುತ್ತದೆ. ಹಾಕಿಸಲಿ. 2019ರಲ್ಲಿ ಪೊಲೀಸರು ಅದನ್ನು ಬಿಗಿ ಮಾಡಿದಾಗ 'ಹೆಲ್ಮೆಟ್ ಸಕ್ತಿ' (ಮರಾಠಿಯಲ್ಲಿ ಸಕ್ತಿ ಎಂದರೆ ಕಡ್ಡಾಯ) ಬೇಡ ಎಂದು ಮೋರ್ಚಾ ತೆಗೆದವರ ಜೊತೆ ನಾನಿಲ್ಲ. ಆದರೆ ಸೈಕಲ್ಲಿಗೂ ಕಡ್ಡಾಯ ಮಾಡಿದರೆ ಚೌಕದಲ್ಲಿ ನಿಂತ ಹವಾಲ್ದಾರ ಯಾರನ್ನು ಹಿಡಿಯುತ್ತಾನೆ? ಲಕ್ಷ ರೂಪಾಯಿ ಸೈಕಲ್ಲಿನವನ ತಲೆ ಮೇಲೆ ಆಗಲೇ ಹೆಲ್ಮೆಟ್ ಇದೆ. ಸಿಕ್ಕಿಬೀಳುವವನು ಸೊಸೈಟಿಯ ವಾಚ್‌ಮನ್, ಪೇಪರ್ ಹುಡುಗ, ನಿಮ್ಮ ಈ ಪತ್ರ ತಂದುಕೊಟ್ಟ ಟಪಾಲಿನವ. ಮುಂಬಯಿಯ ಡಬ್ಬಾವಾಲಾ ಗಾಂಧಿ ಟೋಪಿ ತೆಗೆದು ಹೆಲ್ಮೆಟ್ ಹಾಕಬೇಕು. ನಾನು ಕಲ್ಪಿಸಿ ಹೇಳುತ್ತಿಲ್ಲ. ಮೇಲೆ ಹೇಳಿದ ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲೇ ದಂಡದ ಹೊರೆ ಬೀದಿಯಲ್ಲಿ ಮಲಗುವವರ ಮೇಲೆ, ಕರಿಯರ ಮೇಲೆ ಹೆಚ್ಚು ಬಿತ್ತು ಎಂಬ ಕಾರಣಕ್ಕೆ 2022ರಲ್ಲಿ ಕಡ್ಡಾಯವನ್ನೇ ರದ್ದು ಮಾಡಿದರು. ಹೆಲ್ಮೆಟ್ ಹಾಕಿಕೊಳ್ಳಿ ಎಂಬ ಸಲಹೆ ಮಾತ್ರ ಉಳಿಸಿದರು.

ನೀವು ಆಕುರ್ಡಿಯ ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗಿಬಂದವರು ಎಂದು ಹಿಂದೊಂದು ಪತ್ರದಲ್ಲಿ ಬರೆದಿದ್ದಿರಿ. ಪಾಳಿ ಬಿಟ್ಟಾಗ ಗೇಟಿನಿಂದ ಸೈಕಲ್ಲಿನ ಹೊಳೆಯೇ ಹರಿಯುತ್ತಿದ್ದ ಕಾಲ ಅದು. ಪುಣೆಯನ್ನು ಸೈಕಲ್ಲುಗಳ ಊರು ಎನ್ನುತ್ತಿದ್ದರು. ನಿಮ್ಮ ತಲೆ ಮೇಲೆ ಆಗ ಏನಿತ್ತು, ಹೇಳಿ? ಅಷ್ಟು ವರ್ಷ ಓಡಾಡಿಯೂ ನೀವು ನೆಟ್ಟಗಿದ್ದೀರಿ. ಈಗ ಬದಲಾದದ್ದು ರಸ್ತೆ, ಮೊಮ್ಮಗನ ತಲೆಯಲ್ಲ.

ಸೈಕಲ್ ಟ್ರ್ಯಾಕ್ ಮಾಡಿದ್ದೇವಲ್ಲ ಎನ್ನುತ್ತಾರೆ. ಮಾಡಿದ್ದಾರೆ. ನಾನು ಒಂದರ ಮೇಲೆ ನಡೆದೇ ನೋಡಿದೆ, ಸೈಕಲ್ ಹೋಗುವ ಹಾಗಿರಲಿಲ್ಲ. ಮೊದಲು ಪೇವರ್ ಬ್ಲಾಕ್, ಅರ್ಧ ಎದ್ದದ್ದು, ಅರ್ಧ ಕುಸಿದದ್ದು. ಮುಂದೆ ಅಡ್ಡಡ್ಡ ನಿಲ್ಲಿಸಿದ ಸ್ಕೂಟರುಗಳು. ಆಮೇಲೆ ವಡಾಪಾವ್ ಗಾಡಿ, ಅದರ ಪಕ್ಕ ತಿನ್ನುವವರ ಸಾಲು. ಅದನ್ನು ಸುತ್ತಿ ಬಂದರೆ ಎದುರಿಗೆ ವಿದ್ಯುತ್ ಡಿಪಿ ಪೆಟ್ಟಿಗೆ, ಟ್ರ್ಯಾಕಿನ ನಟ್ಟನಡುವೆ, ಎಲೆ ಅಡಿಕೆ ರಸದಲ್ಲಿ ಕೆಂಪಾಗಿ. ಅಲ್ಲಿಗೆ ಟ್ರ್ಯಾಕ್ ಖಲಾಸ್. 2017ರ ಕೊನೆಯಲ್ಲಿ ಊರಿಗೆ ಬಾಡಿಗೆ ಸೈಕಲ್ಲುಗಳೂ ಬಂದಿದ್ದವು. ಬಂದ ದಾರಿಯಲ್ಲೇ ಹೋದವು.

ಮುಂಬಯಿ ಬೇರೆಯೇನಲ್ಲ. 2009ರಲ್ಲಿ ಬಾಂದ್ರಾ-ವರ್ಲಿ ಸೀ ಲಿಂಕ್ ತೆರೆಯಿತು, ಸೈಕಲ್ಲಿಗೆ ಪ್ರವೇಶವಿಲ್ಲ. ನಡೆಯುವವರಿಗೂ ಇಲ್ಲ. ಅವರಿಗಾಗಿ ಸ್ಕೈವಾಕ್ ಕಟ್ಟುತ್ತಾರೆ. ಮಂಡಿನೋವಿನ ಅಜ್ಜಿ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಬೇಕು, ಯಾಕೆಂದರೆ ಕೆಳಗೆ ಕಾರಿಗೆ ತಡವಾಗಬಾರದು. ನಮ್ಮ ಸೊಸೈಟಿಯಲ್ಲೂ ಅಷ್ಟೇ. ಮನೆಗೆ ಎರಡು ಕಾರು ನಿಲ್ಲಿಸಲು ಜಾಗವಿದೆ. ಸೈಕಲ್ ಲಿಫ್ಟಿನಲ್ಲಿ ತರಬಾರದು, ಕೆಳಗೂ ನಿಲ್ಲಿಸಬಾರದು ಎಂದು ಬೋರ್ಡು ಹಾಕಿದ್ದಾರೆ. ತಲೆ ಮೇಲೆ ಇಟ್ಟುಕೊಳ್ಳಬಹುದೋ ಏನೋ, ಅದನ್ನು ಬರೆದಿಲ್ಲ.

ಹಾಗಾಗಿ ಸಹಿ ಸಂಗ್ರಹ ನಮ್ಮಿಂದ ಆಗದು, ರಾಯರೇ. ಹುಡುಗನಿಗೆ ಮಾತ್ರ ಒಂದು ಒಳ್ಳೆ ಹೆಲ್ಮೆಟ್ ಕೊಡಿಸಿ. ಹಣೆ ಮುಚ್ಚುವ ಹಾಗೆ ಕೂರಬೇಕು, ಗಲ್ಲದ ಪಟ್ಟಿ ಬಿಗಿಯಾಗಿರಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಎಸೆದುಬಿಡಿ, ತಮ್ಮನಿಗೆ ದಾಟಿಸಬೇಡಿ. ಅವನು ಮತ್ತೆ ಸೈಕಲ್ ಹತ್ತಿದ ಮೇಲೆ, ಮನೆಯಿಂದ ಟ್ಯೂಷನ್ನಿನವರೆಗೆ ದಾರಿಯಲ್ಲಿ ಎಲ್ಲೆಲ್ಲಿ ಹೆದರಿಕೆಯಾಗುತ್ತದೆ ಎಂದು ಅವನ ಕೈಯಿಂದಲೇ ಬರೆಸಿ ಕಳಿಸಿ. ಕನ್ನಡ ಬರೆಯಲು ಬಾರದಿದ್ದರೆ ಮರಾಠಿಯಲ್ಲೇ ಬರೆಯಲಿ. ಅನುವಾದ ನಾವು ಮಾಡಿಕೊಳ್ಳುತ್ತೇವೆ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.

— ಸಂ.