ಪೂಜೆ ಮನೆಯಲ್ಲಿ ಪುಟ್ಟ ಪಾಪು

ಪ್ರಶ್ನೆ: ಶಿರಸಿ ಹತ್ತಿರದ ಅತ್ತೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ. ಪಾಪುಗೆ 9 ತಿಂಗಳು. ಹೋದ ಸಲ ದೊಡ್ಡವರೊಬ್ಬರು ಜೇನುತುಪ್ಪ ನೆಕ್ಕಿಸಲು ಬಂದರು, ಬೇಡ ಅಂದಿದ್ದಕ್ಕೆ ಬೇಜಾರು ಮಾಡಿಕೊಂಡರು. ಈ ಸಲ ಏನು ಮಾಡಲಿ?

ಉತ್ತರ: ಬೇಡ ಅಂದಿದ್ದು ಸರಿಯೇ. 1 ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು, ಮನೆ ಹಿಂದಿನ ತುಡುವೆ ಜೇನಾದರೂ ಅಷ್ಟೇ. ಅದರಲ್ಲಿ ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಅಪರೂಪ ನಿಜ, ಆದರೆ ಎಳೆಯ ಕರುಳಲ್ಲಿ ಅದು ಬೆಳೆದು ವಿಷವಾದರೆ ಮಗುವಿಗೆ ಹಾಲು ಚೀಪಲೂ ಶಕ್ತಿ ಇರುವುದಿಲ್ಲ. ಕುದಿಸಿದರೂ ಹೋಗದು. ಪಂಚಾಮೃತದಲ್ಲೂ ಜೇನು ಇರುತ್ತದೆ, ಮರೀಬೇಡಿ.

ಅಲ್ಲಿ ಹೋಗಿ ಸುಮ್ನೆ ವಾದ ಬೇಡ. ನಿಮ್ಮ ಯಜಮಾನರೇ ಹಿಂದಿನ ದಿನ ಅವರಮ್ಮನಿಗೆ ಫೋನ್ ಮಾಡಲಿ. ಸೊಸೆ ಹೇಳಿದರೆ ಜಂಬ, ಮಗ ಹೇಳಿದರೆ ಡಾಕ್ಟರ್ ಮಾತು, ಹಾಗೇ ಅಲ್ವಾ! ಏನಾದರೂ ತಿನ್ನಿಸಲೇಬೇಕು ಅನ್ನುವವರ ಕೈಗೆ ಕಿವುಚಿದ ಬಾಳೆಹಣ್ಣಿನ ಬಟ್ಟಲು ಕೊಡಿ.

ನನಗೆ ಇನ್ನೂ ಜಾಸ್ತಿ ಹೆದರಿಕೆ ಜಗಲಿಯ ಮೇಲಿನ ಕವಳದ (ಎಲೆ-ಅಡಿಕೆಯ) ತಟ್ಟೆಯದು. ಅಂಬೆಗಾಲಿಡುವ ಮಗುವಿಗೆ ಸರಿಯಾಗಿ ಕೈಗೆಟುಕುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳಲು ಒಂದು ಅಡಿಕೆ ಹೋಳು ಸಾಕು. ಹೋದ ಕೂಡಲೇ ಅದನ್ನು ಎತ್ತರದಲ್ಲಿ ಇಡಿಸಿ.