ನುಡಿಯಲ್ಲಿ ಟೈಪ್ ಮಾಡಿದ ನನ್ನ ಪುಸ್ತಕ ಇ-ಪಬ್ ಮಾಡಿದರೆ ಯಾಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ?

ನಿಮ್ಮ ಫೈಲಿನಲ್ಲಿ ಕನ್ನಡ ಇಲ್ಲವೇ ಇಲ್ಲ, ಅದಕ್ಕೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸುತ್ತವೆ. ಇ-ಪಬ್ ಎಂಬ ಇ-ಪುಸ್ತಕದ ಫೈಲ್ ಅಂದರೆ ವೆಬ್ ಪುಟಗಳನ್ನು ಜಿಪ್ ಮಾಡಿದ ಕಟ್ಟು. ಓದುವ ಆ್ಯಪ್ ತನ್ನದೇ ಫಾಂಟ್ ಹಾಕಿದ ಕೂಡಲೇ ವೇಷ ಕಳಚುತ್ತದೆ.

ಹಾಗಾಗಿ ಮೊದಲು ಇಡೀ ಪಠ್ಯವನ್ನು ಯೂನಿಕೋಡ್‌ಗೆ (ಪ್ರತಿ ಲಿಪಿಯ ಅಕ್ಷರಕ್ಕೂ ಬೇರೆಯದೇ ಸಂಖ್ಯೆ ಕೊಡುವ ವ್ಯವಸ್ಥೆ) ಪರಿವರ್ತಿಸಿ. ಆಮೇಲೆ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ನೋಡಿ. ‘ಧರ್ಮ’ದಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು ಕೊನೆಗೆ ಇಡುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮಕಾರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಂಥಲ್ಲೇ. ನಡುನಡುವೆ ಇಂಗ್ಲಿಷ್‌ನಲ್ಲಿ ಬರೆದ ಹೆಸರುಗಳೂ ಕನ್ನಡದ ಕಲಸುಮೇಲೋಗರ ಆಗಿರಬಹುದು, ಅವನ್ನು ಕೈಯಾರೆ ತಿದ್ದದೆ ವಿಧಿಯಿಲ್ಲ.

ಉಳಿದದ್ದು ಸಲೀಸು. ಅಧ್ಯಾಯದ ತಲೆಬರಹಗಳಿಗೆ ವರ್ಡ್ ಅಥವಾ ಲಿಬ್ರೆಆಫೀಸ್‌ನ ಹೆಡಿಂಗ್ ಸ್ಟೈಲ್ ಕೊಟ್ಟು (ಬರೀ ಬೋಲ್ಡ್ ಮಾಡಿದರೆ ಪರಿವಿಡಿ ಸರಿಯಾಗಿ ಮೂಡದು) ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶಕ್ಕೆ ಹಾಕಿ ಇ-ಪಬ್ ತೆಗೆಯಿರಿ. ಅಚ್ಚಿಗೆಂದು ಮಾಡಿದ ಪಿಡಿಎಫ್‌ನಿಂದ ಮಾತ್ರ ಶುರು ಮಾಡಬೇಡಿ; ಸಾಲುಗಳು ಎಲ್ಲೆಂದರಲ್ಲಿ ತುಂಡಾಗಿ, ಪುಟಸಂಖ್ಯೆಗಳು ವಾಕ್ಯದ ನಡುವೆ ಬಂದು ಕೂರುತ್ತವೆ.